ಅಗ್ಗದ ಬೈಕಿನ ಹಿಂದಿನ ಕಥೆ

ಕಳೆದ ಕಾರ್ತಿಕದಲ್ಲಿ ನ್ಯಾಮತಿಯ ತಂಗಿಯ ಮನೆಗೆ ಹೋಗಿದ್ದಾಗ, ಅವಳ ಮಗ ಹೊನ್ನಾಳಿಯಲ್ಲಿ ನೋಡಿಬಂದ ಬೈಕಿನ ಮಾತೆತ್ತಿದ. ಎರಡೂವರೆ ವರ್ಷದ ಗಾಡಿ, ಮೊದಲಿನಿಂದಲೂ ಒಬ್ಬರದೇ ಕೈಯಲ್ಲಿದ್ದದ್ದು. ಬೆಲೆ ಮಾತ್ರ ಅಂಥದೇ ಬೇರೆ ಗಾಡಿಗಳಿಗಿಂತ 15 ಸಾವಿರ ಕಡಿಮೆ. "ಮಾವಾ, ಕಾಗದಪತ್ರ ಎಲ್ಲ ಸರಿಯಾಗಿದಾವೆ" ಎಂದ. ಸರಿಯಾಗಿಯೇ ಇದ್ದವು. ಆದರೆ ವಿಮಾ ಕಂಪನಿಯು ಆ ಗಾಡಿಯನ್ನು ಹಿಂದೊಮ್ಮೆ 'ಟೋಟಲ್ ಲಾಸ್' ಎಂದು ಲೆಕ್ಕ ಮುಗಿಸಿದ ಸಂಗತಿ ಆರ್.ಸಿ.ಯಲ್ಲಿ ಬರುವುದಿಲ್ಲ.

ಈ ಮಾತಿನ ಅರ್ಥವನ್ನು ಓದುಗ ಬಂಧುಗಳು ತಿಳಿದಿರುವುದು ಒಳಿತು. ಪಾಲಿಸಿಯಲ್ಲಿ ಗಾಡಿಗೊಂದು ಮೌಲ್ಯ ನಮೂದಾಗಿರುತ್ತದೆ, ಇದನ್ನು ಐ.ಡಿ.ವಿ. ಎನ್ನುತ್ತಾರೆ. ಹೊಸ ಗಾಡಿಯ ಬೆಲೆಯಲ್ಲಿ ಸವಕಳಿಯೆಂದು 2ರಿಂದ 3 ವರ್ಷದ ಗಾಡಿಗೆ ಶೇ. 30, 4ರಿಂದ 5 ವರ್ಷದ್ದಕ್ಕೆ ಶೇ. 50 ಕಳೆಯುತ್ತಾರೆ. ಅಪಘಾತದ ನಂತರ ರಿಪೇರಿಯ ಖರ್ಚು ಈ ಮೌಲ್ಯದ ಶೇ. 75ನ್ನು ಮೀರಿದರೆ ಗಾಡಿ ಟೋಟಲ್ ಲಾಸ್. ಒಂದು ಲಕ್ಷದ ಗಾಡಿಗೆ ಎರಡೂವರೆ ವರ್ಷದಲ್ಲಿ ಈ ಗೆರೆ 52,500 ರೂಪಾಯಿ. ನಾಲ್ಕೂವರೆ ವರ್ಷದಲ್ಲಿ 37,500 ಮಾತ್ರ. ಹೀಗಾಗಿ ಹಳೆಯ ಗಾಡಿಯು ಟ್ಯಾಂಕು, ಹೆಡ್‌ಲೈಟು, ಫೋರ್ಕು ಕೆಟ್ಟ ಮಾತ್ರಕ್ಕೇ ಗೆರೆ ದಾಟಬಹುದು. ಚಾಸಿಯೇ ಮುರಿದಿದೆಯೆಂದು ಅರ್ಥವಲ್ಲ. ಯಾವುದು ಎಂಥದೆಂದು ಹೊರಗಿನಿಂದ ತಿಳಿಯದಿರುವುದರಿಂದಲೇ ಬೆಲೆ ಬೀಳುವುದು. ಇಂದು ಕೊಂಡವನು ನಾಳೆ ಮಾರುವಾಗಲೂ ಅದೇ ಪ್ರಶ್ನೆ ಎದುರಾಗುತ್ತದೆ.

ಸುಳಿವು ದೊರೆತದ್ದು ಪಾಲಿಸಿಯಲ್ಲಿ. ಕ್ಲೇಮು ಮಾಡದ ಮಾಲೀಕನಿಗೆ ಮೊದಲ ನವೀಕರಣಕ್ಕೆ ಶೇ. 20, ಎರಡನೆಯದಕ್ಕೆ ಶೇ. 25 ಬೋನಸ್ ರಿಯಾಯಿತಿ ಇರುತ್ತದೆ. ಇವರದರಲ್ಲಿ ಸೊನ್ನೆ! ಕೇಳಿದಾಗ ಮಾಲೀಕರು ಒಪ್ಪಿಕೊಂಡರು. ಆದರೆ ಇದನ್ನೇ ನಂಬಿ ಕೂಡುವಂತಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಷ್ಟರಲ್ಲಿಯೇ ತೃಪ್ತರಾಗಿ ಸ್ವಂತ ಗಾಡಿಯ ಹಾನಿಗೆ ವಿಮೆಯನ್ನೇ ಮಾಡಿಸದವರುಂಟು. ಅಂಥ ಗಾಡಿ ನುಚ್ಚುನೂರಾದರೂ ಯಾವ ಕಂಪನಿಯ ದಾಖಲೆಯಲ್ಲಿಯೂ ಇರದು.

ಇನ್ನೊಂದು ಅಪಾಯವುಂಟು. ಉಪಯೋಗಕ್ಕೆ ಬಾರದಂತಾದ ಗಾಡಿಯ ವಿಷಯವನ್ನು ಮಾಲೀಕನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮು ವಿಧಿಸುತ್ತದೆ. ಹಾಗೆ ತಿಳಿಸದೆ ಗುಜರಿಗೆ ಹೋದ ಗಾಡಿಯ ಕಾಗದಗಳು ಕದ್ದ ಗಾಡಿಗೆ ಹೊದಿಕೆಯಾಗಬಲ್ಲವು. ಹ್ಯಾಂಡಲಿನ ಕೆಳಗೆ ಚಾಸಿಯ ಕುತ್ತಿಗೆಯಲ್ಲಿ ಕೊರೆದ ನಂಬರನ್ನು ಆರ್.ಸಿ.ಯೊಡನೆ ಅಕ್ಷರಕ್ಕಕ್ಷರ ಹೋಲಿಸಬೇಕು. (ನ್ಯಾಮತಿ ತಾಲ್ಲೂಕಾದದ್ದು ಈಚೆಗೆ, ಹಳೆಯ ಆರ್.ಸಿ.ಯಲ್ಲಿ ಹೊನ್ನಾಳಿ ತಾಲ್ಲೂಕೆಂದಿದ್ದರೆ ಗಾಬರಿ ಬೇಡ.)

ಮಾರುವವರ ವಿಷಯದಲ್ಲಿ ಜಗಳೂರಿನ ನಮ್ಮ ಪರಿಚಿತರೊಬ್ಬರ ರೀತಿ ನನಗೆ ಮೆಚ್ಚುಗೆಯಾಯಿತು. ತಮ್ಮ ಟೋಟಲ್ ಲಾಸ್ ಗಾಡಿಯನ್ನು ಮಾರುವಾಗ ಅಪಘಾತದ ಫೋಟೋ, ಸರ್ವೇಯರನ ವರದಿ, ಗ್ಯಾರೇಜಿನ ಬಿಲ್ಲುಗಳನ್ನು ಕೊಳ್ಳುವವರ ಮುಂದೆ ತಾವೇ ಇಟ್ಟರು. ಬೆಲೆ ತುಸು ಇಳಿಯಿತು. ಆದರೆ ಚಾಸಿಗೆ ಪೆಟ್ಟಿಲ್ಲವೆಂಬುದು ವರದಿಯಲ್ಲಿಯೇ ಇದ್ದುದರಿಂದ ತೀರಾ ಬೀಳಲಿಲ್ಲ.

ಹೊನ್ನಾಳಿಯ ಗಾಡಿಯನ್ನು ಮೆಕ್ಯಾನಿಕ್ಕಿಗೆ ತೋರಿಸಿದೆವು. ಹಿಂದೆ ನಿಂತು ನೋಡಿದರೆ ಎರಡು ಚಕ್ರಗಳೂ ಒಂದೇ ಗೆರೆಯಲ್ಲಿರಲಿಲ್ಲ. ಕುತ್ತಿಗೆಯ ಬಳಿ ಹೊಸ ಬಣ್ಣದಡಿ ವೆಲ್ಡಿಂಗಿನ ಗುರುತಿತ್ತು. ಹುಡುಗ ಮಾತಾಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಚನ್ನಗಿರಿಯಲ್ಲಿ ಬೇರೊಂದು ಗಾಡಿ ಕೊಂಡರು, 15 ಸಾವಿರ ಹೆಚ್ಚಿಗೆ ಕೊಟ್ಟು. ಅಣ್ಣ ಸುಮ್ಮನೆ ಖರ್ಚು ಮಾಡಿಸಿದನೆಂದು ತಂಗಿ ಇಂದಿಗೂ ಆಕ್ಷೇಪಿಸುತ್ತಾಳೆ.