ಹೇಳದೆ ಉಳಿದ ಕಥೆ

ಕಳೆದ ಯುಗಾದಿ ಸಮಾರಂಭದಲ್ಲಿ ಬಿಸಿಬೇಳೆಭಾತಿಗೆ ಸಾಲು ನಿಂತಿದ್ದಾಗ ಹಿರಿಯ ಸದಸ್ಯರೊಬ್ಬರು ಕೇಳಿದರು: "ಹಗಲೆಲ್ಲ ಲ್ಯಾಬಿನಲ್ಲೇ ಇರ್ತೀಯಲ್ಲಮ್ಮ, ಕಥೆಗೆ ವಸ್ತು ಎಲ್ಲಿಂದ ತರ್ತೀಯ?" ಭಾತು ಮುಗಿದೀತೆಂಬ ಆತಂಕದಲ್ಲಿ ಏನೋ ಹೇಳಿ ಜಾರಿಕೊಂಡೆ. ಬಾಕಿ ಉತ್ತರವನ್ನು ಈ ಸಲದ ಅಂಕಣದಲ್ಲಿ ಒಪ್ಪಿಸುತ್ತಿದ್ದೇನೆ.

ನಮ್ಮ ಲಿಸ್ಲ್‌ನಿಂದ ಹೈಡ್ ಪಾರ್ಕ್ ಸುಮಾರು ಒಂದು ಗಂಟೆಯ ದಾರಿ. ಅಲ್ಲಿನ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ನಮ್ಮ ಮೈಸೂರಿನ ಎ. ಕೆ. ರಾಮಾನುಜನ್ 1993ರಲ್ಲಿ ತೀರಿಕೊಳ್ಳುವವರೆಗೂ ಮೂರು ದಶಕ ಪಾಠ ಹೇಳಿದರು. ಅವರು 1991ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಭಾರತದ ಜನಪದ ಕಥೆಗಳ ಸಂಕಲನದಲ್ಲಿ ಕನ್ನಡದ ಕಥೆಯೊಂದಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಅವು ಬೇಸತ್ತು, ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಕಥೆ ಒಂದು ಜೊತೆ ಜೋಡಾಯಿತು, ಹಾಡು ಗಂಡಸಿನ ಕೋಟಾಯಿತು. ಗಂಡ ಬಂದು ನೋಡಿ ಸಂಶಯಪಟ್ಟ. ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರ ದೀಪದ ಕುಡಿಗಳೆಲ್ಲ ಅಲ್ಲಿ ಸೇರಿ ಹರಟುವಾಗ ನಿಜಾಂಶ ತಿಳಿಯಿತು. ಮನೆಗೆ ಬಂದು ಹೆಂಡತಿಯನ್ನು ಕೇಳಿದರೆ, ಅವಳಿಗೆ ಎರಡೂ ಮರೆತುಹೋಗಿದ್ದವು.

ಇದನ್ನು ಓದಿದ್ದೆನೇ ಹೊರತು ಅರ್ಥವಾದದ್ದು ಕಳೆದ ಚಳಿಗಾಲ, ಹಾಸನದಿಂದ ಅತ್ತೆಯವರು ಬಂದಿದ್ದಾಗ. ಅವರು ಹೀಟರನ್ನು ಏರಿಸುವುದು, ನಮ್ಮವರು ಇಳಿಸುವುದು, ದಿನವೂ ಇದೇ. ಕೊನೆಗೆ ತಾಯಿ ಮಗನಿಗೆ ಮಾತೇ ನಿಂತಿತು.

ಒಂದು ಸಂಜೆ ಮಗಳು ಊಟ ಮಾಡಲೊಲ್ಲೆನೆಂದು ಹಟ ಹಿಡಿದಳು. ಅತ್ತೆಯವರು ತುತ್ತು ಕಲಸುತ್ತ, ಏಳು ಜನ ಅಣ್ಣಂದಿರ ತಂಗಿಯ ಕಥೆ ಶುರು ಮಾಡಿದರು. ತಂಗಿ ತುಂಬಿದ ಹೊಳೆಯ ದಡಕ್ಕೆ ಬಂದಳು, ಅಲ್ಲಿಗೆ ನಿಂತುಹೋಯಿತು. "ಮುಂದೆ ಹೇಗೆ ದಾಟಿದಳೋ, ಮರೆತೇಹೋಯ್ತಲ್ಲ. ಎಷ್ಟು ವರ್ಷವಾಯ್ತೋ, ಯಾರೂ ಕೇಳಲೇ ಇಲ್ಲ" ಎಂದರು. ಕೈಯಲ್ಲಿ ತುತ್ತು ಹಾಗೇ ಇತ್ತು.

ಮಾರ್ಟನ್ ಆರ್ಬರೀಟಮ್‌ನ ಕೆರೆ ಹೆಪ್ಪುಗಟ್ಟಿದ್ದನ್ನು ನೋಡಿಬಂದಿದ್ದ ಮಗಳು, "ಹೊಳೆ ಐಸ್ ಆಯ್ತು ಅಜ್ಜಿ, ನಡಕೊಂಡು ಹೋದಳು!" ಎಂದಳು. ಅತ್ತೆಯವರು ನಕ್ಕುಬಿಟ್ಟರು. "ಆಗಲಿ, ಇನ್ಮೇಲೆ ಹಾಸನದಲ್ಲೂ ಹಾಗೇ ದಾಟಲಿ."

ನಗು ನಿಂತ ಮೇಲೆ ಮಗನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನನಗೆ ಅಂಥ ಚಳಿಯೇನಿಲ್ಲಪ್ಪ. ನೀವೆಲ್ಲ ಹೋದ ಮೇಲೆ ಮನೆಯಲ್ಲಿ ಒಂದು ದನಿಯಿಲ್ಲ. ಅದು ಗುಂಯ್ ಅಂದರೆ ಯಾರೋ ಇದ್ದ ಹಾಗೆ ಇರುತ್ತೆ." ನಮ್ಮವರು ಏನೂ ಹೇಳದೆ ಎದ್ದುಹೋಗಿ ತಾವೇ ಎರಡು ಡಿಗ್ರಿ ಏರಿಸಿ ಬಂದರು.

ಲ್ಯಾಬಿನಲ್ಲಿ ನಮಗೊಂದು ನಿಯಮ: ಕಂಡದ್ದನ್ನು ಅಂದೇ ಬರೆದಿಡಬೇಕು, ಕೆಟ್ಟುಹೋದ ಪ್ರಯೋಗವನ್ನೂ ಅಳಿಸಬಾರದು. ಅಂದು ರಾತ್ರಿ ಅತ್ತೆಯವರ ಅರ್ಧ ಕಥೆ, ಮಗಳ ಉಳಿದರ್ಧ, ಹೀಟರಿನ ಮಾತು, ಮೂರನ್ನೂ ಬರೆದಿಟ್ಟೆ. ವಸ್ತು ಎಲ್ಲಿಂದ ಎಂದು ಕೇಳಿದ ಹಿರಿಯರಿಗೆ ಇದೇ ನನ್ನ ಉತ್ತರ. ಅದು ಮನೆಯಲ್ಲೇ ಇರುತ್ತದೆ, ಕೇಳುವವರಿಗಾಗಿ ಕಾದು. ಬಹಳ ದಿನ ಕಾಯುವುದಿಲ್ಲ, ಅಷ್ಟೆ.

ಅತ್ತೆಯವರು ಊರಿಗೆ ಮರಳಿದ್ದಾರೆ. ಭಾನುವಾರದ ಫೋನಿನಲ್ಲಿ ಮಗಳು ಈಗ ಮೊದಲು ಕೇಳುವುದು ಕಥೆಯನ್ನೇ. ನಿಮ್ಮ ಮನೆಗೆ ಈ ಸಲ ಹಿರಿಯರು ಬಂದಿದ್ದರೆ ಒಂದು ಕಥೆ ಕೇಳಿ, ಬರೆದು ಸಂಪಾದಕರಿಗೆ ಕಳಿಸಿ. ಅರ್ಧವೇ ನೆನಪಿದ್ದರೂ ಚಿಂತೆಯಿಲ್ಲ. ಉಳಿದದ್ದನ್ನು ಮಕ್ಕಳು ನೋಡಿಕೊಳ್ಳುತ್ತಾರೆ.