‘ಸ್ಟೇನ್‌ಲೆಸ್’ ಎಂಬ ಮಾತಿನ ಬೆಲೆ

ಅಲಗಿನ ಮೇಲೆ ನೀರಿನ ಅಲೆಯಂತೆ ಗೆರೆಗಳಿರುವ ‘ಸ್ಟೇನ್‌ಲೆಸ್ ಡಮಾಸ್ಕಸ್’ ಚಾಕುಗಳು ಈಗ ಆನ್‌ಲೈನ್ ಮೂಲಕ ಎಲ್ಲ ಊರುಗಳಿಗೂ ದೊರೆಯುತ್ತಿವೆ. ಕವಿತಾಳ, ಮಾನ್ವಿ, ದೇವದುರ್ಗಗಳ ಪಾತ್ರೆ ವರ್ತಕರು ಈ ದುಬಾರಿ ಸರಕನ್ನು ತರಿಸುವುದಾದರೆ, ‘ಸ್ಟೇನ್‌ಲೆಸ್’ ಎಂಬ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಮೊದಲು ಅರಿಯುವುದು ಲೇಸು.

ಈ ಹೆಸರಿನ ಹಿಂದೆ ನಮ್ಮ ನಾಡಿನ ನಂಟಿದೆ. ದಕ್ಷಿಣ ಭಾರತದ ಮೂಸೆ ಉಕ್ಕು ಯುರೋಪಿನಲ್ಲಿ ‘ವೂಟ್ಜ್’ ಎಂದು ಹೆಸರಾಯಿತು. ಅದು ಕನ್ನಡದ ‘ಉಕ್ಕು’ ಪದದ ರೂಪಾಂತರವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. 1795ರಲ್ಲೇ ಜಾರ್ಜ್ ಪಿಯರ್ಸನ್ ಅದನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ್ದರು. ಆದರೆ ಆ ಉಕ್ಕು ತುಕ್ಕು ಹಿಡಿಯುವಂಥದು. ಇಂದಿನ ಸರಕೇ ಬೇರೆ: ಎರಡು ಬಗೆಯ ಸ್ಟೇನ್‌ಲೆಸ್ ಉಕ್ಕನ್ನು ಪದರಪದರವಾಗಿ ಬೆಸೆದು, ಆಮ್ಲದಿಂದ ಗೆರೆ ಮೂಡಿಸಿದ್ದು.

ಉಕ್ಕು ಸ್ಟೇನ್‌ಲೆಸ್ ಎನಿಸಿಕೊಳ್ಳಲು ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಬೇಕು. ಆದರೆ ಹರಿತ ನಿಲ್ಲಲು ಇಂಗಾಲವೂ ಬೇಕು. ಅದು ಕ್ರೋಮಿಯಂನ ಒಂದು ಪಾಲನ್ನು ತನ್ನೊಡನೆ ಕಟ್ಟಿಹಾಕುತ್ತದೆ. ಹೀಗಾಗಿ ಚಾಕುವಿನ ಉಕ್ಕು ಊಟದ ತಟ್ಟೆಯ ಉಕ್ಕಿನಷ್ಟು ಕಲೆ ತಡೆಯಲಾರದು. ಸಾಲದೆಂಬಂತೆ, ಆಮ್ಲ ಕೊರೆದ ಸೂಕ್ಷ್ಮ ತಗ್ಗುಗಳಲ್ಲಿ ತೇವ ನಿಲ್ಲುತ್ತದೆ. ನಿಂಬೆ, ಹುಣಸೆ, ಉಪ್ಪಿನಕಾಯಿ ಮುಟ್ಟಿದ ಅಲಗನ್ನು ತೊಳೆಯದೆ ಇಟ್ಟರೆ ಕಲೆಯಾಗಬಹುದು. ಉಪ್ಪಿನಂಶ ಚುಕ್ಕೆ ಚುಕ್ಕೆಯಾಗಿ ಕೊರೆಯಲೂಬಹುದು. ತೊಳೆದು ಒರೆಸಿಟ್ಟರೆ ಮಾತ್ರ ಉತ್ತಮ ಅಲಗು ವರ್ಷಗಟ್ಟಲೆ ಸೊಗಸಾಗಿರುತ್ತದೆ.

ಸರಕು ಕೊಳ್ಳುವಾಗ ಎರಡೂ ಪದರಗಳ ಉಕ್ಕಿನ ಹೆಸರನ್ನು ಲಿಖಿತವಾಗಿ ಕೇಳಬೇಕು. ಸಾಧಾರಣ ಇಂಗಾಲದ ಉಕ್ಕಿನ ಡಮಾಸ್ಕಸ್ ಕೂಡ ಮಾರುಕಟ್ಟೆಯಲ್ಲಿದೆ. ಒಂದೇ ಉಕ್ಕಿನ ಮೇಲೆ ಲೇಸರ್‌ನಿಂದ ಗೆರೆ ಬರೆದದ್ದೂ ಇದೆ. ಹೆಸರು ಹೇಳಲೊಪ್ಪದ ಸರಬರಾಜುದಾರನಿಂದ ದೂರವಿರುವುದೇ ಕ್ಷೇಮ.

ಇದು ಲೆಕ್ಕಪತ್ರದ ಪ್ರಶ್ನೆಯೂ ಹೌದು. ಸರಕಿನ ಬಗ್ಗೆ ಸುಳ್ಳು ಭರವಸೆ ನೀಡುವ ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತೆಂದು ಪರಿಗಣಿಸುತ್ತದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅದೇ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ‘ಮಾರಿದ ಮಾಲು ವಾಪಸಿಲ್ಲ’ ಎಂಬ ಮುದ್ರೆ ಒತ್ತಿದ ಮಾತ್ರಕ್ಕೆ ಹೊಣೆ ತಪ್ಪದು. ಬಳಕೆಯಿಂದಾದ ಕಲೆಯೋ, ಸರಕಿನ ದೋಷವೋ ಎಂಬ ವಾದ ಹುಟ್ಟಿದಾಗ ಮಾರುವ ಮುನ್ನ ಏನು ಹೇಳಲಾಗಿತ್ತೆಂಬುದೇ ಮುಖ್ಯವಾಗುತ್ತದೆ.

ಆದ್ದರಿಂದ ‘ಕಲೆಯೇ ಆಗದು’ ಎನ್ನುವ ಬದಲು ‘ಸುಲಭವಾಗಿ ತುಕ್ಕು ಹಿಡಿಯದು; ಬಳಸಿದೊಡನೆ ತೊಳೆದು ಒರೆಸಿಡಿ’ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿ ಬಿಲ್ಲಿನೊಡನೆ ಕೊಡುವುದು ಒಳಿತು. ಆ ಚೀಟಿಗೆ ತಗಲುವ ಖರ್ಚು ಅತ್ಯಲ್ಪ. ಕೈತಪ್ಪಿದ ಗಿರಾಕಿಯನ್ನು ಮರಳಿ ಕರೆತರುವ ಖರ್ಚು ಯಾವ ಖಾತೆಯಲ್ಲೂ ಕಾಣದಿದ್ದರೂ ಬಹಳ ದೊಡ್ಡದು.