ಕೊಲ್ಲಿಯ ಮಕ್ಕಳು ಮತ್ತು ಆನ್‌ಲೈನ್ ಪರೀಕ್ಷೆ

2020ರ ಸೆಪ್ಟೆಂಬರ್‌ನಲ್ಲಿ ದುಬೈ, ಶಾರ್ಜಾ, ಅಬುಧಾಬಿಗಳ ಭಾರತೀಯ ಶಾಲೆಗಳಲ್ಲಿ ಪಿಯುಸಿ ಮಟ್ಟದ ಓದು ಮುಗಿಸಿದ್ದ ಮಕ್ಕಳಿಗೆ ಎರಡು ಬಗೆಯ ನ್ಯಾಯವಾಯಿತು. ಎಂಜಿನಿಯರಿಂಗ್ ಬೇಕೆಂದವರು ತಿಂಗಳ ಮೊದಲ ವಾರ ದುಬೈಯ ಕೇಂದ್ರಕ್ಕೇ ಹೋಗಿ, ಕಂಪ್ಯೂಟರ್ ಮುಂದೆ ಕೂತು ಜೆಇಇ ಮೇನ್ ಬರೆದು ಅಂದೇ ಮನೆ ಸೇರಿದರು. ಡಾಕ್ಟರ್ ಆಗಬೇಕೆಂದವರು ಸೆಪ್ಟೆಂಬರ್ 13ರ ನೀಟ್‌ಗಾಗಿ ಕೊರೊನಾ ಕಾಲದ ವಂದೇ ಭಾರತ್ ವಿಮಾನದಲ್ಲಿ ಸೀಟು ಹುಡುಕಬೇಕಾಯಿತು, ಕೋವಿಡ್ ತಪಾಸಣೆ, ಕ್ವಾರಂಟೈನ್ ನಿಯಮ ಎಲ್ಲ ದಾಟಿ ಊರಿನ ಕೇಂದ್ರ ತಲುಪಬೇಕಾಯಿತು. ಕೊಲ್ಲಿಯಲ್ಲೂ ಒಂದು ಕೇಂದ್ರ ಕೊಡಿ ಎಂದು ಪೋಷಕರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಪ್ರಶ್ನೆಪತ್ರಿಕೆ ಕೊಡಬೇಕಾದ ಪರೀಕ್ಷೆಯಿದು, ಆನ್‌ಲೈನ್ ಮಾಡಲಾಗದು ಎಂಬುದು ವೈದ್ಯಕೀಯ ಮಂಡಳಿಯ ವಾದವಾಗಿತ್ತು. ಆ ಆಗಸ್ಟ್‌ನಲ್ಲಿ ಕೋರ್ಟು ಕೊಲ್ಲಿಯಲ್ಲಿ ಪರೀಕ್ಷಾ ಕೇಂದ್ರ ಬೇಕೆಂಬ ಬೇಡಿಕೆಯನ್ನು ಒಪ್ಪಲಿಲ್ಲ.

ಆನ್‌ಲೈನ್ ಪರೀಕ್ಷೆಯ ಸಾಧಕ ಬಾಧಕಗಳ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಮಕ್ಕಳು. ಊರಿನಲ್ಲಿ ಕೂತವರಿಗೆ ಇದು ಅನುಕೂಲ, ಅನನುಕೂಲದ ಚರ್ಚೆ. ಹೊರದೇಶದಲ್ಲಿರುವ ಕುಟುಂಬಕ್ಕೆ ಪರೀಕ್ಷೆ ಬರೆಯಲು ಸಾಧ್ಯವೇ, ಇಲ್ಲವೇ ಎಂಬ ಮಟ್ಟದ ಪ್ರಶ್ನೆ. ಕಾಗದದ ಪ್ರಶ್ನೆಪತ್ರಿಕೆಯನ್ನು ಮುದ್ರಿಸಿ, ಸೀಲ್ ಮಾಡಿ, ದೇಶದ ಗಡಿ ದಾಟಿಸಿ, ಕಾವಲಿನಲ್ಲಿಟ್ಟು, ಬರೆದ ಹಾಳೆಗಳನ್ನು ಮತ್ತೆ ಭಾರತಕ್ಕೆ ಸಾಗಿಸಬೇಕು. ಅದು ಆಗದ ಕೆಲಸವೇನಲ್ಲ. 2021ರಲ್ಲಿ ಕುವೈತ್ ಮತ್ತು ದುಬೈಗೆ ನೀಟ್ ಕೇಂದ್ರ ಬಂತು, 2022ರಲ್ಲಿ ಅಬುಧಾಬಿ, ಶಾರ್ಜಾಗಳೂ ಸೇರಿದವು. ಆದರೆ 2024ರ ಫೆಬ್ರುವರಿಯಲ್ಲಿ ಹೊರಬಿದ್ದ ಮೊದಲ ಪಟ್ಟಿಯಲ್ಲಿ ವಿದೇಶದ ಕೇಂದ್ರಗಳೇ ಇರಲಿಲ್ಲ. ಪೋಷಕರು ಗಾಬರಿಯಾಗಿ ದನಿಯೆತ್ತಿದ ಮೇಲೆ 14 ವಿದೇಶಿ ನಗರಗಳನ್ನು ಮತ್ತೆ ಸೇರಿಸಲಾಯಿತು. ಪರೀಕ್ಷೆಗೆ ಮೂರು ತಿಂಗಳಿರುವಾಗ ಹದಿನೇಳರ ಹುಡುಗಿ ಪಠ್ಯ ಓದಬೇಕೇ, ವಿಮಾನದ ದರ ನೋಡಬೇಕೇ? ಕಂಪ್ಯೂಟರ್ ಆಧಾರಿತ ಪರೀಕ್ಷೆಗಳಲ್ಲಿ ಈ ಆತಂಕ ಬಹುಮಟ್ಟಿಗೆ ಕಡಿಮೆ. ಬಿಟ್ಸ್ ಪಿಲಾನಿ 2005ರಿಂದಲೇ ತನ್ನ ಪ್ರವೇಶ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ನಡೆಸುತ್ತಿದೆ, ಅದಕ್ಕೂ ದುಬೈಯಲ್ಲಿ ಕೇಂದ್ರವಿದೆ.

ಕೇಂದ್ರದೊಳಗೆ ಕೂತ ಮಗುವಿನ ಅನುಭವವನ್ನೂ ನೋಡಬೇಕು. ಭಾರತದ ಬೆಳಗಿನ 9 ಗಂಟೆಯ ಪಾಳಿ ದುಬೈಯಲ್ಲಿ ಏಳೂವರೆಗೆ ಶುರು. ಅದಕ್ಕೂ ಬಹಳ ಮೊದಲೇ ಗೇಟಿನ ಬಳಿ ಇರಬೇಕಾದ್ದರಿಂದ ಮನೆಯವರೆಲ್ಲ ನಸುಕಿನಲ್ಲೇ ಎದ್ದಿರುತ್ತಾರೆ. ಪರದೆಯ ಬಲಕ್ಕೆ ಪ್ರಶ್ನೆ ಸಂಖ್ಯೆಗಳ ಚೌಕಗಳು. ಉತ್ತರಿಸಿದ್ದಕ್ಕೆ ಹಸಿರು, ನೋಡಿ ಬಿಟ್ಟದ್ದಕ್ಕೆ ಕೆಂಪು, ಮತ್ತೆ ನೋಡುತ್ತೇನೆ ಎಂದು ಗುರುತಿಟ್ಟದ್ದಕ್ಕೆ ನೇರಳೆ. ಮೇಲೆ ಉಳಿದ ಸಮಯ ಇಳಿಯುತ್ತಲೇ ಇರುತ್ತದೆ. ಒಎಂಆರ್ ಹಾಳೆಯಲ್ಲಿ ಬಾಲ್‌ಪೆನ್ನಿನಿಂದ ಒಮ್ಮೆ ತುಂಬಿದ ಗುಂಡಿ ತುಂಬಿದ್ದೇ, ಇಲ್ಲಿ ಕೊನೆಯ ನಿಮಿಷದವರೆಗೆ ಉತ್ತರ ಬದಲಿಸಬಹುದು. ಗುಂಡಿ ಅರ್ಧ ತುಂಬಿದೆ, ಯಂತ್ರ ಓದಲಿಲ್ಲ ಎಂಬ ತಕರಾರಿಗೂ ಜಾಗವಿಲ್ಲ. ಇದು ಸಣ್ಣ ಅನುಕೂಲವಲ್ಲ.

ಆದರೆ ಪರದೆ ಕಿತ್ತುಕೊಳ್ಳುವುದೂ ಇದೆ. ಕಾಗದದಲ್ಲಿ ತ್ರಿಕೋನದ ಚಿತ್ರವಿದ್ದರೆ ಅದರ ಮೇಲೇ ಪೆನ್ಸಿಲ್‌ನಿಂದ ಒಂದು ಲಂಬ ಎಳೆದು ಯೋಚಿಸುತ್ತೇವೆ. ಪರದೆಯ ಚಿತ್ರವನ್ನು ಮೊದಲು ರಫ್ ಹಾಳೆಗೆ ಇಳಿಸಿಕೊಳ್ಳಬೇಕು. ಸಾವಯವ ರಸಾಯನಶಾಸ್ತ್ರದ ಉದ್ದನೆಯ ಕ್ರಿಯೆಯೊಂದನ್ನು ನಕಲು ಮಾಡುವಾಗ ಒಂದು ಬಂಧ ತಪ್ಪಿದರೆ ಗೊತ್ತಿದ್ದ ಉತ್ತರವೂ ಕೈತಪ್ಪುತ್ತದೆ. ಹತ್ತು ಹನ್ನೆರಡು ವರ್ಷ ಕಾಗದದಲ್ಲಿ ಗೆರೆ ಹಾಕಿ ಓದಿದ ಮಗು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಅಭ್ಯಾಸ ಬದಲಿಸುವುದು ಸುಲಭವಲ್ಲ. ಜೊತೆಗೆ, ಪರೀಕ್ಷೆ ಹಲವು ದಿನ, ಹಲವು ಪಾಳಿಗಳಲ್ಲಿ ನಡೆಯುವುದರಿಂದ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರುವುದಿಲ್ಲ. ಅಂಕಗಳನ್ನು ಸರಿದೂಗಿಸಿ, ಏಳು ದಶಮಾಂಶ ಸ್ಥಾನಗಳವರೆಗೆ ಪರ್ಸೆಂಟೈಲ್ ಲೆಕ್ಕ ಹಾಕುತ್ತಾರೆ. ಲೆಕ್ಕ ಶಾಸ್ತ್ರೋಕ್ತವಾಗಿಯೇ ಇದೆ. ಆದರೂ ನನ್ನ ಪಾಳಿಯ ಪ್ರಶ್ನೆಗಳು ಕಷ್ಟವಿದ್ದವು ಎಂದು ಕಣ್ಣೀರು ಹಾಕುವ ಮಗುವಿಗೆ ಆ ಸೂತ್ರ ಸಮಾಧಾನ ಕೊಡದು.

ಇಷ್ಟು ಕೇಂದ್ರದ ಮಾತು. ಮನೆಯಿಂದಲೇ ಬರೆಯುವ ಪರೀಕ್ಷೆ ಬೇರೆಯೇ ಸಂಗತಿ. ಎರಡನ್ನೂ ಆನ್‌ಲೈನ್ ಎಂಬ ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ನಮ್ಮ ಅರ್ಧ ಜಗಳಗಳು ಹುಟ್ಟುತ್ತವೆ.

2020ರ ಮಾರ್ಚ್‌ನಲ್ಲಿ ಯುಎಇ ಶಾಲೆಗಳನ್ನು ಮುಚ್ಚಿ, ಅದೇ ತಿಂಗಳ 22ರಿಂದ ದೂರಶಿಕ್ಷಣ ಆರಂಭಿಸಿತು. ಸರ್ಕಾರ ಚುರುಕಾಗಿಯೇ ಕೆಲಸ ಮಾಡಿತು. ಮನೆಯಲ್ಲಿ ಇಂಟರ್ನೆಟ್ ಇಲ್ಲದ ಕುಟುಂಬಗಳಿಗೆ ಎತಿಸಲಾತ್ ಮತ್ತು ಡು ಕಂಪನಿಗಳ ಮೂಲಕ ಉಚಿತ ಮೊಬೈಲ್ ಡೇಟಾ ಸಿಕ್ಕಿತು, ನಿರ್ಬಂಧದಲ್ಲಿದ್ದ ಜೂಮ್‌ನಂಥ ಸೇವೆಗಳಿಗೆ ಅನುಮತಿಯೂ ದೊರೆಯಿತು. ಮಕ್ಕಳ ವರ್ಷ ಹಾಳಾಗಲಿಲ್ಲ. ಇದನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮುಂದೆ 2024ರ ಏಪ್ರಿಲ್ 16ರಂದು ದಾಖಲೆ ಮಳೆ ಸುರಿದು ದುಬೈ ರಸ್ತೆಗಳು ಕೆರೆಗಳಾದಾಗಲೂ ಶಾಲೆಗಳು ತಡವಿಲ್ಲದೆ ಆನ್‌ಲೈನ್‌ಗೆ ಹೊರಳಿದ್ದು ಆ ಅನುಭವದ ಬಲದಿಂದ.

ಆದರೆ ಪರೀಕ್ಷೆ ಬಂದಾಗ ಮನೆಯ ಗೋಡೆಗಳು ಇಕ್ಕಟ್ಟಾದವು. ದುಬೈಯ ಕರಾಮಾದ ಒಂದು ಬೆಡ್‌ರೂಮಿನ ಮನೆಯಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅಣ್ಣ ತಂಗಿ ಇಬ್ಬರಿಗೂ ಒಂದೇ ಹೊತ್ತಿಗೆ ಪರೀಕ್ಷೆ, ಅಪ್ಪನಿಗೆ ಹಾಲ್‌ನಲ್ಲೇ ಆಫೀಸಿನ ಕರೆ. ಮಗನ ಮುಂದೆ ಲ್ಯಾಪ್‌ಟಾಪಿನ ಕ್ಯಾಮೆರಾ ಆನ್ ಇರಬೇಕು, ಅವನ ಕೈ ಮತ್ತು ಹಾಳೆ ಎರಡೂ ಕಾಣಬೇಕು. ಉತ್ತರವನ್ನು ಕಾಗದದಲ್ಲೇ ಬರೆದು, ಸಮಯ ಮುಗಿದ ಮೇಲೆ ಕೊಟ್ಟ ಹದಿನೈದು ನಿಮಿಷದಲ್ಲಿ ಪ್ರತಿ ಪುಟದ ಫೋಟೊ ತೆಗೆದು, ಕ್ರಮವಾಗಿ ಜೋಡಿಸಿ, ಪಿಡಿಎಫ್ ಮಾಡಿ, ರೋಲ್ ನಂಬರ್ ಹಾಕಿ ಕಳಿಸಬೇಕು. ಅಮ್ಮ ಇನ್ನೊಂದು ಫೋನಿನ ಟಾರ್ಚ್ ಹಿಡಿದು ನಿಂತಿದ್ದರು, ಹಾಳೆಯ ಮೇಲೆ ನೆರಳು ಬೀಳದಿರಲಿ ಎಂದು. ಕೊನೆಯ ಪುಟ ಮಸುಕಾಗಿತ್ತು, ಮತ್ತೆ ತೆಗೆಯುವಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಮಂಗಳೂರು ಕಡೆಯ ಆ ತಾಯಿ ಕೇಳಿದ್ದು ಇಷ್ಟೇ: “ಮಗ ಬರೆದದ್ದೆಲ್ಲ ಸರಿಯೇ ಉಂಟು. ಕಳಿಸ್ಲಿಕ್ಕೆ ಆಗ್ಲಿಲ್ಲ ಅಂತ ಮಾರ್ಕು ಹೋದ್ರೆ ಯಾರ ಹತ್ರ ಕೇಳುವುದು?” ಅಲ್ಲಿ ಪರೀಕ್ಷೆ ನಡೆದದ್ದು ಮಗನ ವಿಜ್ಞಾನದ ಜ್ಞಾನಕ್ಕಿಂತ ಹೆಚ್ಚಾಗಿ ಆ ಮನೆಯ ಜಾಗ, ಬೆಳಕು, ಉಪಕರಣಗಳಿಗೆ. ನಾಲ್ಕು ಕೋಣೆಯ ವಿಲ್ಲಾದಲ್ಲಿ ಬಾಗಿಲು ಹಾಕಿಕೊಂಡು ಬರೆದ ಸಹಪಾಠಿಯ ಪ್ರಶ್ನೆಪತ್ರಿಕೆಯೂ ಅದೇ, ಸ್ಪರ್ಧೆ ಮಾತ್ರ ಸಮವಾಗಿರಲಿಲ್ಲ.

ನಕಲಿನ ವಿಷಯವನ್ನೂ ಮುಚ್ಚಿಡುವುದು ಬೇಡ. ಕ್ಯಾಮೆರಾದ ಆಚೆ ಪುಸ್ತಕ, ಮೇಜಿನ ಕೆಳಗೆ ಫೋನು, ವಾಟ್ಸಾಪ್ ಗುಂಪಿನಲ್ಲಿ ಉತ್ತರಗಳು. ನಕಲು ಮಾಡದ ಮಗುವಿಗೆ ಇದರಿಂದ ಆಗುವ ನೋವು ದೊಡ್ಡದು. ಯುಎಇ 2023ರಲ್ಲಿ ಪರೀಕ್ಷಾ ಅಕ್ರಮಗಳ ವಿರುದ್ಧ ಪ್ರತ್ಯೇಕ ಕಾನೂನನ್ನೇ ತಂದು 2 ಲಕ್ಷ ದಿರ್ಹಮ್‌ವರೆಗೆ ದಂಡದ ಅವಕಾಶ ಇಟ್ಟಿದೆ. ಇನ್ನು ನಕಲು ತಡೆಯಲು ಕೋಣೆಯನ್ನೆಲ್ಲ ಕ್ಯಾಮೆರಾದಲ್ಲಿ ತೋರಿಸು ಎನ್ನುವುದು ಮನೆಯ ಖಾಸಗಿತನಕ್ಕೆ ಕೈಹಾಕಿದಂತೆ. ಅಮೆರಿಕದ ಒಹಾಯೊ ರಾಜ್ಯದ ವಿದ್ಯಾರ್ಥಿಯೊಬ್ಬ ಇದೇ ಕಾರಣಕ್ಕೆ ಕೋರ್ಟಿಗೆ ಹೋಗಿ 2022ರಲ್ಲಿ ಗೆದ್ದ.

ಮನೆ ಪರೀಕ್ಷೆಯ ಮಿತಿ ಏನೆಂದು ನಮ್ಮ ಬೆಂಗಳೂರೇ ತೋರಿಸಿಕೊಟ್ಟಿದೆ. 2020ರ ಸೆಪ್ಟೆಂಬರ್ 12ರಂದು ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ತನ್ನದೇ ಪ್ರವೇಶ ಪರೀಕ್ಷೆಯನ್ನು ಮನೆಯಿಂದ ಬರೆಯುವಂತೆ ನಡೆಸಿತು. ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಕೊರೊನಾದಿಂದ ರಾಷ್ಟ್ರಮಟ್ಟದ ಕಾನೂನು ಪ್ರವೇಶ ಪರೀಕ್ಷೆ ಕ್ಲಾಟ್ ಮುಂದೆ ಹೋಗುತ್ತಲೇ ಇತ್ತು, ವರ್ಷ ಹಾಳಾಗುವ ಭಯವಿತ್ತು. ಆದರೆ ತಾಂತ್ರಿಕ ತೊಡಕಿನಿಂದ ಹಲವರಿಗೆ ಬರೆಯಲಾಗದೆ ಮರುಪರೀಕ್ಷೆ ಇಡಬೇಕಾಯಿತು. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಕಾನೂನು ಶಾಲೆಯ ಆ ಪ್ರತ್ಯೇಕ ಪರೀಕ್ಷೆಯನ್ನೇ ರದ್ದು ಮಾಡಿತು. ಸೆಪ್ಟೆಂಬರ್ 28ರಂದು ಕ್ಲಾಟ್ ನಡೆಯಿತು. ಅದೂ ಕಂಪ್ಯೂಟರಿನಲ್ಲೇ, ಆದರೆ ಕೇಂದ್ರಗಳಲ್ಲಿ.

ಹಾಗೆಂದು ಕಾಗದ ಪವಿತ್ರ, ಕಂಪ್ಯೂಟರ್ ಅಪವಿತ್ರ ಎನ್ನುವಂತಿಲ್ಲ. 545 ಹುದ್ದೆಗಳ ಪಿಎಸ್ಐ ನೇಮಕಾತಿಯಲ್ಲಿ ಒಎಂಆರ್ ಹಾಳೆಗಳನ್ನೇ ತಿದ್ದಿದ ಹಗರಣವನ್ನು ಕರ್ನಾಟಕ ಮರೆತಿಲ್ಲ. ಆ ಪರೀಕ್ಷೆ 2022ರಲ್ಲಿ ರದ್ದಾಯಿತು. ಸುಮಾರು 23 ಲಕ್ಷ ಮಕ್ಕಳು ಬರೆದ 2024ರ ನೀಟ್‌ನ ಪ್ರಶ್ನೆಪತ್ರಿಕೆ ಸೋರಿದ್ದು ಕಾಗದದ ರೂಪದಲ್ಲೇ. ಆ ಬಳಿಕ ಇಸ್ರೊ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿ ಕಂಪ್ಯೂಟರ್ ಪರೀಕ್ಷೆಯತ್ತ ಸಾಗಲು ಸಲಹೆ ಕೊಟ್ಟಿತು. ಅದಾದ ಮೇಲೂ 2025ರ ನೀಟ್ ಪೆನ್ನು ಕಾಗದದಲ್ಲೇ ನಡೆಯಿತು. ಕಂಪ್ಯೂಟರಿಗೂ ಕಳ್ಳರಿದ್ದಾರೆ: 2021ರ ಜೆಇಇ ಮೇನ್‌ನಲ್ಲಿ ಕೇಂದ್ರದ ಕಂಪ್ಯೂಟರನ್ನು ದೂರದಿಂದ ನಿಯಂತ್ರಿಸಿ ಉತ್ತರ ಬರೆಸಿದ ಪ್ರಕರಣದಲ್ಲಿ ಸಿಬಿಐ ಮರುವರ್ಷ ರಷ್ಯಾದ ಪ್ರಜೆಯೊಬ್ಬನನ್ನು ಬಂಧಿಸಿತು. 2022ರ ಆಗಸ್ಟ್‌ನ ಪದವಿ ಪ್ರವೇಶದ ಸಿಯುಇಟಿಯಲ್ಲಂತೂ ತಾಂತ್ರಿಕ ದೋಷದಿಂದ ಅನೇಕ ಕೇಂದ್ರಗಳಲ್ಲಿ ಪರೀಕ್ಷೆ ನಿಂತುಹೋಯಿತು. ತಯಾರಿ ಚೆನ್ನಾಗಿದ್ದರೆ ಇದನ್ನು ತಪ್ಪಿಸಬಹುದು. 2023ರಿಂದ ಅಮೆರಿಕದ ಹೊರಗೆ ಡಿಜಿಟಲ್ ಆಗಿರುವ ಎಸ್ಎಟಿ ಎಂಬ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ನಡುವೆ ಇಂಟರ್ನೆಟ್ ಹೋದರೂ ಮಗು ಬರೆಯುತ್ತಲೇ ಇರಬಹುದು, ಉತ್ತರಗಳು ಸಾಧನದಲ್ಲೇ ಉಳಿಯುತ್ತವೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ, ಬರವಣಿಗೆ. ಕಂಪ್ಯೂಟರಿಗೆ ಹೋದ ಪರೀಕ್ಷೆ ಹೆಚ್ಚಾಗಿ ನಾಲ್ಕರಲ್ಲಿ ಒಂದನ್ನು ಆರಿಸುವ ಪರೀಕ್ಷೆಯಾಗುತ್ತದೆ. 2021-22ರಲ್ಲಿ ಸಿಬಿಎಸ್ಇ ವರ್ಷವನ್ನು ಎರಡು ಭಾಗ ಮಾಡಿ, ಮೊದಲ ಅವಧಿಗೆ ಬಹು ಆಯ್ಕೆಯ ಪ್ರಶ್ನೆಗಳನ್ನೂ ಎರಡನೆಯದಕ್ಕೆ ವಿವರವಾಗಿ ಬರೆಯುವ ಪ್ರಶ್ನೆಗಳನ್ನೂ ಇಟ್ಟಿತ್ತು. ಫಲಿತಾಂಶದ ಹೊತ್ತಿಗೆ ಥಿಯರಿಯಲ್ಲಿ ಮೊದಲಿನದಕ್ಕೆ ಶೇ 30, ಎರಡನೆಯದಕ್ಕೆ ಶೇ 70 ತೂಕ ಕೊಟ್ಟಿತು. ಎರಡರಲ್ಲಿ ಹೆಚ್ಚು ಭರವಸೆ ಯಾವುದರ ಮೇಲೆ ಎಂಬುದನ್ನು ಮಂಡಳಿಯ ಈ ನಿರ್ಧಾರವೇ ಹೇಳುತ್ತದೆ. ದುಬೈಯ ಕನ್ನಡ ಪಾಠಶಾಲೆಗೆ ಬರುವ ಮಕ್ಕಳನ್ನು ನೋಡಿದರೂ ಇದು ತಿಳಿಯುತ್ತದೆ. ಸರಿಯಾದ ಒತ್ತಕ್ಷರ ಯಾವುದೆಂದು ಪರದೆಯ ಮೇಲೆ ಗುರುತಿಸುವ ಮಗು, ಊರಿನ ಅಜ್ಜಿಗೆ ಎರಡು ಸಾಲು ಬರೆಯಲು ಕೂತಾಗ ಅದೇ ಒತ್ತಕ್ಷರಕ್ಕೆ ತಡವರಿಸುತ್ತದೆ. ಗುರುತಿಸುವುದು ಬೇರೆ, ಬರೆಯುವುದು ಬೇರೆ. ಎಂಟನೇ ತರಗತಿಯವರೆಗಾದರೂ ಮಕ್ಕಳ ಮುಖ್ಯ ಪರೀಕ್ಷೆಗಳು ಕೈಬರಹದಲ್ಲೇ ಇರಲಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಪ್ರವೇಶ ಪರೀಕ್ಷೆಗಳು ಕಂಪ್ಯೂಟರಿಗೆ ಬರಲಿ, ಕಾವಲಿರುವ ಕೇಂದ್ರಗಳಲ್ಲಿ ನಡೆಯಲಿ, ಅದರಲ್ಲಿ ಕೊಲ್ಲಿಯ ಮಕ್ಕಳಿಗೆ ಲಾಭವೇ ಹೆಚ್ಚು. ಮನೆಯಿಂದ ಬರೆಯುವುದು ವಾರದ ಕಿರುಪರೀಕ್ಷೆಗೆ, ಮಳೆ, ಕಾಯಿಲೆಗಳಂಥ ತುರ್ತಿಗೆ ಸಾಕು. ಮಗುವಿನ ಸೀಟು ನಿರ್ಧರಿಸುವ ಪರೀಕ್ಷೆಗೆ ಅದು ಸಲ್ಲದು.

ಪೋಷಕರಲ್ಲಿ ಒಂದು ವಿನಂತಿ. ಜೆಇಇ ಮೇನ್, ನೀಟ್ ನಡೆಸುವ ಎನ್‌ಟಿಎ ಜಾಲತಾಣದಲ್ಲಿ ಅಣಕು ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ಹಾಲ್ ಟಿಕೆಟ್ ಬರುವವರೆಗೆ ಕಾಯದೆ, ಹನ್ನೊಂದನೇ ತರಗತಿಯಲ್ಲೇ ರಜೆಯ ದಿನ ಬೆಳಗ್ಗೆ ಏಳೂವರೆಗೆ ಮಗುವನ್ನು ಮೂರು ಗಂಟೆ ಪರದೆ ಮುಂದೆ ಕೂರಿಸಿ, ಪಕ್ಕದಲ್ಲಿ ಪೆನ್ನು ಮತ್ತು ರಫ್ ಹಾಳೆ ಮಾತ್ರ ಇರಲಿ. ಲೆಕ್ಕ ಬಾರದೆ ಹೋದ ಅಂಕ ಎಷ್ಟು, ಪರದೆಯ ಅಭ್ಯಾಸವಿಲ್ಲದೆ ಹೋದ ಅಂಕ ಎಷ್ಟು ಎಂದು ಅವರೊಂದಿಗೆ ಕೂತು ಬೇರೆ ಬೇರೆ ಬರೆದಿಡಿ.